ಅಟ್ಟ ನನ್ನದು, ಬೋರ್ಡು ನಿಮ್ಮದು

ದಂಡಿನಶಿವರ, ಜೂನ್ ೧೯೮೩

ಸಾಲ ಮಂಜೂರು ಮಾಡುವ ಪ್ರಾದೇಶಿಕ ಅಧಿಕಾರಿಗಳೇ,

ಬಸ್ ಚಾರ್ಜು ಹದಿನೆಂಟು ರೂಪಾಯಿ, ಛಾಪಾ ಕಾಗದಕ್ಕೆ ಹತ್ತು, ಇಂಗ್ಲಿಷ್ ಫಾರಂ ತುಂಬಿಕೊಟ್ಟವರಿಗೆ ಎಂಟು. ಹೀಗೆ ಮೂವತ್ತಾರು ರೂಪಾಯಿ ಕಳೆದು, ಒಂಬತ್ತು ಸಲ ತುರುವೇಕೆರೆಗೆ ಅಲೆದು ನಿಮ್ಮ ಬ್ಯಾಂಕಿನಿಂದ ನಾನು ತಿಳಿದುಕೊಂಡದ್ದು ಇಷ್ಟೇ: ನಾನು ಹೆಂಗಸು.

ಗಂಡ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅಂದಿನಿಂದ ಸುತ್ತಲಿನ ತೋಟಗಳಲ್ಲಿ ಕಾಯಿ ಕೊಂಡು, ಅಟ್ಟಕ್ಕೆ ಹಾಕಿ, ಕೊಬ್ಬರಿ ಮಾಡಿ ಮಾರುತ್ತಿದ್ದೇನೆ. ಕಳೆದ ವರ್ಷ ಹತ್ತು ಸಾವಿರ ಕಾಯಿಯನ್ನು ಒಂದಕ್ಕೊಂದು ರೂಪಾಯಿಯಂತೆ ಉದ್ರಿ ತಂದೆ. ಕಾಯಿ ಕೊಬ್ಬರಿಯಾಗಲು ಹನ್ನೊಂದು ತಿಂಗಳು ಬೇಕು. ತೋಟದವರು ಅಷ್ಟು ದಿನ ಕಾಯುತ್ತಾರೆಯೇ? ಅಟ್ಟದ ದಾಸ್ತಾನಿನ ಮೇಲೆ ಎಂಟು ಸಾವಿರ ಸಾಲ ಕೇಳಿದೆ.

ನಿಮ್ಮ ಮ್ಯಾನೇಜರು ಅರ್ಜಿ ನೋಡಲಿಲ್ಲ, ನನ್ನ ಹಿಂದೆ ಯಾರು ಬಂದಿದ್ದಾರೆಂದು ನೋಡಿದರು.

"ಯಜಮಾನ್ರು ಇಲ್ಲ ಅಂದ್ರೆ ಮೈದುನರೋ ಯಾರೋ ಸೈ ಹಾಕ್ಲಮ್ಮ."

"ವ್ಯಾಪಾರ ನಂದು ಕಣ್ರೀ, ಅವ್ರ ಸೈ ಯಾಕೆ?"

"ಗಂಡಸರು ಅಂತ ಒಬ್ರು ಇರ್ಬೇಕಲ್ಲಮ್ಮ."

ಮೈದುನ ಪರಮಶಿವಯ್ಯನನ್ನು ಕೇಳಿದೆ. "ಹಾಕ್ತೀನಿ ಅತ್ತಿಗೆ, ಲಾಭದಾಗೆ ಅರ್ಧ ಕೊಟ್ಬುಡಿ," ಎಂದ. ಸೈಗೆ ಇಷ್ಟು ಬೆಲೆಯಿರುವಾಗ ಆತ ರಾಗಿ ಯಾಕೆ ಬೆಳೆಯುತ್ತಾನೋ!

ನಾನು ಒಪ್ಪಲಿಲ್ಲ, ಸಾಲ ಸಿಗಲಿಲ್ಲ, ಐದು ತಿಂಗಳು ಕಳೆಯಿತು. ತೋಟದವರು ಬಾಗಿಲಿಗೆ ಬಂದು ಕೂತರು. ಬೇರೆ ದಾರಿಯಿಲ್ಲದೆ ಅಷ್ಟೂ ಕಾಯಿಯನ್ನು ತಿಪಟೂರಿನ ವರ್ತಕ ಗಂಗಾಧರಯ್ಯನವರಿಗೆ ಹನ್ನೊಂದು ಸಾವಿರಕ್ಕೆ ಬಿಟ್ಟುಕೊಟ್ಟೆ. ಅರೆ ಒಣಗಿದ ಕಾಯಿಯನ್ನು ಕದಲಿಸಿದರೆ ಕೆಡುತ್ತದೆಂದು ಅವರು ಅದನ್ನು ನನ್ನ ಅಟ್ಟದಲ್ಲೇ ಬಿಟ್ಟರು. ವಾರದೊಳಗೆ ಅದೇ ಮ್ಯಾನೇಜರು ನನ್ನ ಏಣಿ ಹತ್ತಿದರು. ಆ ಕಾಯಿಯ ಮೇಲೆ ಗಂಗಾಧರಯ್ಯನವರಿಗೆ ಎಂಟು ಸಾವಿರ ಸಾಲ ಮಂಜೂರಾಗಿತ್ತು! ಜಾಮೀನು ಸೈ ಎಲ್ಲಿ ಎಂದೆ. "ಅವ್ರು ವರ್ತಕರಮ್ಮ, ದಾಸ್ತಾನೇ ಸಾಕು." 'ಬ್ಯಾಂಕಿಗೆ ಅಡಮಾನವಾಗಿದೆ' ಎಂಬ ಬೋರ್ಡು ಹೊಡೆಯಲು ಸುತ್ತಿಗೆ ಕೊಟ್ಟವಳೂ ನಾನೇ.

ಏಣಿ ಹಿಡಿದಿದ್ದ ಕಾಯಿ ಸುಲಿಯುವ ಬೋರಯ್ಯ ಕೇಳಿದ: "ಅಲ್ಲ ಕಣಕ್ಕ, ಅದೇ ಕಾಯಿ, ಅದೇ ಅಟ್ಟ. ಈ ವಾರದಾಗೆ ಕಾಯಿಗೇನು ಮೀಸೆ ಬಂತಾ?"

ಮಾನ್ಯರೇ, ಹೆಣ್ಣೆಂಬ ಕಾರಣಕ್ಕೆ ಸರ್ಕಾರ ಭೇದ ಮಾಡಕೂಡದೆಂದು ಸಂವಿಧಾನದ ಹದಿನೈದನೇ ವಿಧಿ ಹೇಳುತ್ತದೆ. ನಿಮ್ಮದು ಸರ್ಕಾರದ ಬ್ಯಾಂಕು; ಆ ವಿಧಿಗೆ ಕೌಂಟರಿನೊಳಗೆ ಪ್ರವೇಶವಿಲ್ಲವೇ, ಅಥವಾ ಅದೂ ಗಂಡಸರನ್ನು ಜೊತೆಗೆ ಕರೆತರಬೇಕೇ? ಗಂಡಸಿನ ಸೈ ಕಡ್ಡಾಯವೆಂಬ ನಿಯಮವಿದ್ದರೆ ನಕಲು ಕೊಡಿ. ಇಲ್ಲದಿದ್ದರೆ, ಇಲ್ಲವೆಂದು ಕನ್ನಡದಲ್ಲಿ ಬರೆದು ಶಾಖೆಯ ಗೋಡೆಗೆ ಅಂಟಿಸಿ. ಶ್ರಾವಣಕ್ಕೆ ಹೊಸ ಕಾಯಿ ಅಟ್ಟ ಏರಬೇಕು. ಇದರ ಜೊತೆಗಿಟ್ಟಿರುವ ನನ್ನ ಹೊಸ ಅರ್ಜಿಗೆ ಅಷ್ಟರೊಳಗೆ ಉತ್ತರ ಬರಲಿ.

ಆ ಹಳೆಯ ಕಾಯಿಯ ಕೊಬ್ಬರಿ ಇಪ್ಪತ್ತು ಸಾವಿರಕ್ಕೆ ಹೋಯಿತು. ಗಂಗಾಧರಯ್ಯನವರಿಗೆ ಉಳಿದದ್ದು ಒಂಬತ್ತು ಸಾವಿರ, ಅದರಲ್ಲಿ ನಿಮಗೆ ಬಡ್ಡಿ ಆರುನೂರು. ಬೋರಯ್ಯನಿಗೆ ಎಂದಿನ ಕೂಲಿ. ಪರಮಶಿವಯ್ಯನಿಗೆ ಸೊನ್ನೆ. ನನಗೆ ಸಾವಿರ, ಜೊತೆಗೆ ವರ್ತಕರು ಕೊಟ್ಟ ಅಟ್ಟದ ಬಾಡಿಗೆ ನೂರೈವತ್ತು. ಅದರಲ್ಲಿ ಮೇಲಿನ ಮೂವತ್ತಾರು ಕಳೆಯಿರಿ.

ಇಂತಿ,
ಈ ಕಾಗದಕ್ಕಾದರೂ ಒಂದೇ ಸೈ ಸಾಕೆಂದು ನಂಬಿರುವ
ವಿಮಲಮ್ಮ, ಕೊಬ್ಬರಿ ವ್ಯಾಪಾರ