ಬೇಕಾಗಲ್ಲ ಅಂದಿದ್ದೆ

ಮಾರ್ಚ್ 3
ಇವತ್ತೂ ಊಟ ತಪ್ಪಿತು. ಕೊನೆಗೆ ಬಂದದ್ದು ಐದು ತಿಂಗಳ ಪುಟ್ಟಿ. ತಲೆಬುರುಡೆಯ ಮೂಳೆಗಳು ಕಾಲಕ್ಕೆ ಮುಂಚೆ ಬೆಸೆದುಕೊಂಡಿವೆ. ಬಿಡಿಸದಿದ್ದರೆ ಮಿದುಳು ಬೆಳೆಯೋಕೆ ಜಾಗವಿಲ್ಲ. ತಾಯಿಗೆ ಆಪರೇಷನ್ನಿಗಿಂತ ರಕ್ತದ್ದೇ ಭಯ. ಪುಟ್ಟಿಯ ಅಣ್ಣನಿಗೆ ಹಿಂದೆ ಇನ್ನೆಲ್ಲೋ ಕೊಟ್ಟ ರಕ್ತ ಒಗ್ಗದೆ, ಹುಡುಗ ಬದುಕಿದ್ದೇ ಹೆಚ್ಚು.

"ಅರಿವಳಿಕೆ ಕೊಡೋಳು ನಾನೇ," ಅಂದೆ. "ಮೊದಲೇ ಕಬ್ಬಿಣದ ಸಿರಪ್ಪು, ಇಂಜೆಕ್ಷನ್ನು ಕೊಟ್ಟು ಅವಳ ರಕ್ತ ಹೆಚ್ಚಿಸ್ತೀವಿ. ಆಪರೇಷನ್ನಲ್ಲಿ ಸೋರಿಕೆ ತಗ್ಗಿಸೋ ಔಷಧಿ. ಸೋರಿದ್ದನ್ನೂ ಮೆಷಿನ್ನಲ್ಲಿ ತೊಳೆದು ಅವಳಿಗೇ ವಾಪಸ್."

"ಅಂದ್ರೆ, ಬೇರೆಯವರ ರಕ್ತ ಬೇಕಾಗಲ್ಲ?"

"ಬೇಕಾಗಲ್ಲ."

ಬಾಯಿ ತಪ್ಪಿ ಬಂದೇಬಿಡ್ತು. ಬೇಕಾಗದೇ ಇರಬಹುದು ಅನ್ನಬೇಕಿತ್ತು...

ಮಾರ್ಚ್ 19
ಸರ್ಜನ್ ಸಿಡಿಮಿಡಿ. "ಇನ್ನೆಷ್ಟು ಕಾಯಿಸ್ತೀರಿ? ನಿಮ್ಮ ಹಿಮೋಗ್ಲೋಬಿನ್ ಏರೋವರೆಗೂ ಆ ತಲೆ ಸುಮ್ಮನಿರುತ್ತಾ?" ಇನ್ನೊಂದು ವಾರ ಬೇಡಿದೆ. ಮುಖ ಗಂಟಿಕ್ಕಿಕೊಂಡೇ ಒಪ್ಪಿದರು.

ಮಾರ್ಚ್ 27, ಸಂಜೆ
ಎಲ್ಲ ಸಲೀಸಾಗಿ ಸಾಗಿತ್ತು. ಕೊನೆಯ ಮೂಳೆ ಎತ್ತುವಾಗ ಅದರಡಿಯ ದೊಡ್ಡ ರಕ್ತನಾಳ ಹರೀತು. ಸರ್ಜನ್ ಒತ್ತಿ ಹಿಡಿದರು. ಪ್ರೆಶರ್ ಜಾರ್ತಾ ಇತ್ತು. ಮೆಷಿನ್ ಇನ್ನೂ ತೊಳೀತಾನೇ ಇತ್ತು. ತುರ್ತಿಗೆ ಅಂತ ತರಿಸಿಟ್ಟಿದ್ದ ಬೇರೆಯವರ ರಕ್ತದ ಚೀಲ ಕೈಗೆಟಕೋ ಹಾಗೇ ಇತ್ತು — ಕೈ ಏಳಲಿಲ್ಲ. ತಾಯಿಯ ಮುಖ ಅಡ್ಡ ಬಂತು. ಅಥವಾ, ನಾನು ಕೊಟ್ಟ ಮಾತು?

"ಯಾರಿಗೆ ಕಾಯ್ತಿದೀರಿ?" ಸರ್ಜನ್ ತಲೆ ಎತ್ತಲಿಲ್ಲ.

ಕೊಟ್ಟೆ. ಪ್ರೆಶರ್ ಹತ್ತಿತು.

ಹೊರಗೆ ಹೋಗಿ ನಾನೇ ಹೇಳಿದೆ. "ಬೇಕಾಗಲ್ಲ ಅಂದಿದ್ರಿ," ಅಂದಳು ತಾಯಿ. ಅಷ್ಟೇ. ಬೈದಿದ್ದರೆ ಹಗುರಾಗ್ತಿತ್ತು.

ಮಾರ್ಚ್ 28
ಐಸಿಯು. ಜ್ವರ ಇಲ್ಲ, ದದ್ದು ಇಲ್ಲ, ರಕ್ತ ಒಗ್ಗದ ಲಕ್ಷಣ ಇನ್ನೂ ಏನೂ ಕಂಡಿಲ್ಲ. ಮುಖ ಊದಿ ಕಣ್ಣುಗಳು ಮುಚ್ಚಿಹೋಗಿವೆ. ಇದು ಮಾಮೂಲು, ಇಳಿಯುತ್ತೆ ಅಂದೆ. ತಾಯಿ ತಲೆಯಾಡಿಸಿದಳು. ನಾನು ಆಚೆ ಬಂದ ಮೇಲೆ ಅದನ್ನೇ ನರ್ಸ್ ಹತ್ತಿರ ಕೇಳಿದ್ದು ಕಿವಿಗೆ ಬಿತ್ತು.

ಮಾರ್ಚ್ 31
ಪುಟ್ಟಿ ಕಣ್ಣು ಬಿಟ್ಟಿದ್ದಾಳೆ. ರಕ್ತ ಒಗ್ಗಿದೆ. ಬಾಗಿಲಲ್ಲೇ ನಿಂತಿದ್ದೆ.

"ಕೊಡದೇ ಇದ್ದಿದ್ರೆ?" ತಾಯಿ ಕೇಳಿದಳು.

ಈ ಸಲ ತಡೆದು ಬಾಯಿ ಬಿಟ್ಟೆ. "ಉಳೀತಿರಲಿಲ್ಲ."

ಪುಟ್ಟಿಯನ್ನ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡಳು. ಆಮೇಲೆ ಎದ್ದು ಬಂದಳು. "ಸ್ವಲ್ಪ ಹಿಡ್ಕೊಳ್ಳಿ. ನಾಲ್ಕು ದಿನದಿಂದ ಸರಿಯಾಗಿ ಮುಖಾನೂ ತೊಳೆದಿಲ್ಲ."

ಮಗುವನ್ನ ನನ್ನ ತೋಳಿಗೆ ಹಾಕಿ ಹೋದಳು. ತಿರುಗಿ ನೋಡಲಿಲ್ಲ. ಎಷ್ಟು ಮಕ್ಕಳನ್ನ ಮಲಗಿಸಿದೀನಿ, ಎಚ್ಚರ ಇರೋದನ್ನ ಹೀಗೆ ಎತ್ತಿಕೊಂಡಿದ್ದು... ಬೆಚ್ಚಗಿತ್ತು. ನನ್ನನ್ನೇ ನೋಡ್ತಿತ್ತು. ತಾಯಿ ಬರೋವರೆಗೂ ಹಾಗೇ ಹಿಡ್ಕೊಂಡು ನಿಂತಿದ್ದೆ.