ದಿನಾ ಅದೇ ಮಾಡುವ ಕೈ

ಓಂ ಶ್ರೀ ಗುರುಬಸವಲಿಂಗಾಯ ನಮಃ

ಮರಳವಾಡಿ
೧೨-೯-೨೦೨೫, ಶುಕ್ರವಾರ

ಸರ್ವಮಂಗಳಕ್ಕನವರಿಗೆ ನಿಮ್ಮ ತಮ್ಮನ ಹೆಂಡತಿ ಮೀನಾಕ್ಷಿ ಮಾಡುವ ಶರಣು. ಇಲ್ಲಿ ನಿಮ್ಮ ತಮ್ಮ ಕ್ಷೇಮ. ತಿಪ್ಪಸಂದ್ರದಲ್ಲಿ ನೀವೂ ಭಾವನವರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ.

ಬರೆಯಲು ತಡವಾಯಿತು, ಕೋಪ ಮಾಡಿಕೊಳ್ಳಬೇಡಿ ಎನ್ನೋಣವೆಂದರೆ ನೀವು ಆಗಲೇ ಕೋಪದಲ್ಲಿದ್ದೀರಿ. ಫೋನ್ ಎತ್ತುವುದಿಲ್ಲ. ತಮ್ಮನ ಎದೆ ಕೊಯ್ದು ತಿಂಗಳ ಮೇಲಾಯಿತು, ಬಂದು ನೋಡಲಿಲ್ಲ. "ಹಾರ್ಟ್ ಆಪರೇಷನ್ ಮಾಡೋ ಮಗ ನಮ್ಮನೇಲೇ ಅವ್ನೆ. ಸೋದರಳಿಯನ ಕೈ ನಂಬ್ದೆ ಬೆಂಗಳೂರಿಗೆ ಹೋದ್ರಲ್ಲ, ಇನ್ ಆ ಹೊಸ್ಲು ತುಳಿಯಲ್ಲ" ಎಂದಿರಂತೆ. ಈ ಕಾಗದವನ್ನು ಮಾತ್ರ ಪೂರ್ತಿ ಓದಿ ಅಕ್ಕ, ನಡುವೆ ಮಡಚಿಡಬೇಡಿ.

ಮೂರು ರಕ್ತನಾಳ ಕಟ್ಟಿಕೊಂಡಿವೆ, ಬೈಪಾಸ್ ಆಗಲೇಬೇಕು ಎಂದು ಡಾಕ್ಟರು ಹೇಳಿದ ದಿನ ನಾನು ದೇವರ ಮುಂದೆ ನಿಂತು ಅಂದುಕೊಂಡದ್ದು, ಇದಕ್ಕೇ ಶಿವ ನಮಗೆ ಉದಯಶಂಕರನನ್ನು ಕೊಟ್ಟದ್ದು ಎಂದು. ಇವರ ಹಣೆಗೆ ವಿಭೂತಿ ಹಚ್ಚಿ ನೇರವಾಗಿ ರಾಮನಗರದ ಹತ್ತಿರ ನಿಮ್ಮ ಮಗನಿರುವ ಹೊಸ ಆಸ್ಪತ್ರೆಗೇ ಕರೆದುಕೊಂಡು ಹೋದೆ. ಬೇಡ ಎಂದವನು ಅವನೇ.

"ಅತ್ತೆ, ಮಾವನ್ನ ಬೆಂಗಳೂರಿಗೆ ಕರ್ಕೊಂಡೋಗಿ" ಎಂದ.

"ಯಾಕಪ್ಪ, ನಿಂಗೆ ಬರಲ್ವಾ?"

"ಬತ್ತದೆ. ಬರೋದು ಬೇರೆ, ದಿನಾ ಮಾಡೋದು ಬೇರೆ. ನಮ್ಮಲ್ಲಿ ತಿಂಗ್ಳಿಗೆ ಒಂದೋ ಎರಡೋ ಬೈಪಾಸು. ಅಲ್ಲಿ ಬೆಳಗಾದ್ರೆ ಅದೇ ಕೆಲ್ಸ. ಕುಯ್ಯೋನೊಬ್ಬನ ಕೈ ಅಲ್ಲ ಅತ್ತೆ. ಮತ್ತಿನ ಮದ್ದು ಕೊಡೋರು, ಮಿಷಿನ್ ನಡ್ಸೋರು, ಆಮೇಲೆ ಪಕ್ಕದಲ್ಲಿ ನಿಂತು ನೋಡ್ಕಳೋರು, ಎಲ್ಲಾರ ಕೈಯೂ ಪಳಗಿರ್ಬೇಕು. ಮಾವಂಗೆ ಸಕ್ಕರೆ ಕಾಯ್ಲೆ ಬೇರೆ ಐತೆ."

ನಿಮ್ಮ ತಮ್ಮನ ಬಾಯಿ ನಿಮಗೆ ಗೊತ್ತಲ್ಲ. "ಏನ್ಲಾ, ಮಗಳು ಕೊಡ್ನಿಲ್ಲ ಅಂತ ಸೇಡಾ?" ಎಂದರು.

"ಹೂಂ ಮಾವ. ನೀನು ಬದುಕಿದ್ರೆ ತಾನೆ ತೀರಿಸ್ಕೊಳೋದು" ಎಂದ. ನಗುತ್ತಿದ್ದ, ಕಣ್ಣಲ್ಲಿ ನೀರಿತ್ತು.

ಹೊರಡುವಾಗ ನನ್ನನ್ನು ಈಚೆಗೆ ಕರೆದು, "ಅವ್ವಂಗೆ ಹೇಳ್ಬೇಡಿ. ಮಗ ಹಾರ್ಟ್ ರಿಪೇರಿ ಮಾಡ್ತಾನೆ ಅಂತ ಊರೆಲ್ಲ ಹೇಳ್ಕೊಂಡವ್ಳೆ, ಮುಖ ಸಣ್ಣದಾಯ್ತದೆ" ಎಂದ. ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಈಗ ಮುರಿಯುತ್ತಿದ್ದೇನೆ, ಶಿವ ಕ್ಷಮಿಸಲಿ.

ಬೆಂಗಳೂರಿನ ಆ ದೊಡ್ಡ ಆಸ್ಪತ್ರೆಯ ವಿಷಯ ಏನು ಹೇಳಲಿ! ಆಪರೇಷನ್ ದಿನ ನನಗಿದ್ದ ಭಯವೆಲ್ಲ ಇವರ ಕೊರಳಿನ ಲಿಂಗದ್ದು. ತೆಗೆಯಿರಿ ಎಂದರೆ ಏನು ಮಾಡಲಿ? ದೀಕ್ಷೆಯಾದಂದಿನಿಂದ ಮೈ ಬಿಟ್ಟದ್ದಲ್ಲ. ನಾನು ಬಾಯಿ ತೆರೆಯುವ ಮೊದಲೇ ನರ್ಸ್ ಹಮೀದಾ ಬಂದು, "ಅಪ್ಪಾಜಿ, ಲಿಂಗ ಐತಲ್ವಾ? ಎದೆ ಮೇಲೆ ಬ್ಯಾಡ, ತಲೆ ಮೇಲಿರ್ಲಿ. ನಿಮ್ಮೋರಿಗೆಲ್ಲ ಹಿಂಗೇ ಮಾಡೋದು" ಎಂದು, ಶುದ್ಧವಾದ ಬಟ್ಟೆಯಲ್ಲಿ ಸುತ್ತಿ, ಇವರಿಗೆ ಹಾಕಿದ್ದ ಟೋಪಿಯೊಳಗೆ ಕಟ್ಟಿದಳು. ನಮ್ಮಂಥವರು ಎಷ್ಟು ಜನ ಆ ಕೈ ದಾಟಿ ಹೋಗಿರಬೇಕು! ನನ್ನ ಭಯ ಅಲ್ಲೇ ಇಳಿಯಿತು.

ಹೃದಯವನ್ನು ನಿಲ್ಲಿಸಿ, ಕಾಲಿನ ನಾಳ ತೆಗೆದು ಹೊಲಿದು, ಮತ್ತೆ ಬಡಿಯುವಂತೆ ಮಾಡಿದರಂತೆ. ಹೃದಯ ನಿಂತಿದ್ದಷ್ಟು ಹೊತ್ತು ನಮ್ಮ ಯಜಮಾನರು ಎಲ್ಲಿದ್ರು ಎಂದು ಸರ್ಜನ್ನರನ್ನೇ ಕೇಳಿಬಿಟ್ಟೆ. ಅವರು ನಗಲಿಲ್ಲ. "ನಮ್ ಹತ್ರಾನೇ ಇದ್ರು ಕಣಮ್ಮ" ಎಂದರು. ಕೈ ಮುಗಿದೆ. ಯಾರಿಗೆ ಮುಗಿದೆನೋ, ಅವರಿಗೋ ಅವರೊಳಗೆ ನಿಂತು ಹೊಲಿದವನಿಗೋ, ನನಗೇ ತಿಳಿಯದು.

ಮಾರನೆಯ ದಿನ ಮಧ್ಯಾಹ್ನ ಒಂದು ಗಳಿಗೆ ಒಳಗೆ ಬಿಟ್ಟರು. ಇವರು ಕಣ್ಣು ಬಿಟ್ಟು, "ಕಾಲಿನ ನರ ಎದೇಲಿ ಐತಂತೆ. ಇನ್ ಕಾಲು ಎಡವಿದ್ರೆ ಎದೆ ನೋಯ್ತದಾ ಕೇಳು" ಎಂದರು. ನಾನು ನಗುತ್ತಿರುವಾಗಲೇ ಹಮೀದಾ ಎದೆಯಿಂದ ಬಂದ ಕೊಳವೆಯನ್ನು ನೋಡಿದಳು, ಮುಟ್ಟಿದಳು, ಇನ್ನೊಬ್ಬಳಿಗೆ ಏನೋ ಅಂದಳು. ಅಷ್ಟೇ. ನಾಲ್ಕಾರು ಜನ ಬಂದರು. ಕೂಗಿಲ್ಲ, ಓಟವಿಲ್ಲ. ನಮ್ಮ ಮನೆಯಲ್ಲಿ ಹಾಲು ಉಕ್ಕಿದರೂ ಇದಕ್ಕಿಂತ ಹೆಚ್ಚು ಗಲಾಟೆಯಾಗುತ್ತದೆ. ಒಳಗೆ ರಕ್ತ ಸೋರುತ್ತಿತ್ತಂತೆ ಅಕ್ಕ. ಮತ್ತೆ ಆಪರೇಷನ್ ಕೋಣೆಗೆ ಒಯ್ದು, ಸೋರುವುದನ್ನು ಕಟ್ಟಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ತಂದು ಮಲಗಿಸಿದರು. ಉಸಿರಾಡುತ್ತಿದ್ದರು.

ಅಷ್ಟರಲ್ಲಿ ಉದಯ ಓಡಿಬಂದಿದ್ದ. ಗೋಡೆಗೆ ಒರಗಿ ನಿಂತು ಅಂದ, "ನಮ್ಮಲ್ಲಾಗಿದ್ರೂ ಹಿಡಿತಿದ್ವಿ ಅತ್ತೆ. ಆದ್ರೆ ಎಷ್ಟೊತ್ತಿಗೆ ಹಿಡಿತಿದ್ವೋ, ಅದು ನಂಗೊತ್ತಿಲ್ಲ."

ಅಕ್ಕ, ನಿಮ್ಮ ಮಗನನ್ನು ನಾವು ನಂಬಲಿಲ್ಲ ಎನ್ನುತ್ತೀರಿ. ಅವನ ಮಾತು ನಂಬಿಯೇ ನನ್ನ ತಾಳಿ ಉಳಿದಿದೆ. ತನ್ನ ಕೈಯ ಅಳತೆ ತಾನೇ ಹೇಳುವ ಡಾಕ್ಟರನ್ನು ಹೆತ್ತಿದ್ದೀರಿ. ಅದನ್ನೂ ಊರೆಲ್ಲ ಹೇಳಿ, ಮುಖ ಸಣ್ಣದಾಗುವುದಿಲ್ಲ. ಅವನ ಕೈಯೂ ಪಳಗಲೆಂದು ದಿನಾ ಪೂಜೆಯಲ್ಲಿ ಕೇಳುತ್ತೇನೆ.

ಬಸವಣ್ಣ ನಿಮ್ಮ ಮನೆಯನ್ನು ತಂಪಾಗಿಟ್ಟಿರಲಿ. ಭಾವನವರಿಗೆ ಶರಣು ಹೇಳಿ.

ನಿಮ್ಮ
ಮೀನಾಕ್ಷಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಈ ಸಲ ಇವರು ಭಾರ ಎತ್ತಬಾರದೆಂದು ಗೌರಿ ಬಾಗಿನವನ್ನು ಪಕ್ಕದ ಮನೆಯ ಅನಂತರಾಜು ಕೈಲಿ ಕಳಿಸಿದೆವು. ಸೀರೆಯನ್ನು ನಿಮ್ಮ ತಮ್ಮನೇ ಎದೆ ಹಿಡಿದುಕೊಂಡು ಕೂತು ಆರಿಸಿದ್ದರು. ನೀವು ಮುಟ್ಟದೆ ವಾಪಸ್ ಕಳಿಸಿದಿರಿ. ಅದು ಅವರಿಗೆ ಗೊತ್ತಿಲ್ಲ, ಅಟ್ಟದ ಮೇಲೆ ಬಚ್ಚಿಟ್ಟಿದ್ದೇನೆ. "ಅಕ್ಕ ಸೀರೆ ಉಟ್ಕಂಡ್ಳಂತಾ?" ಎಂದು ದಿನಾ ಕೇಳುತ್ತಾರೆ. "ಉಟ್ಟರಂತೆ, ಚೆನ್ನಾಗಿ ಒಪ್ಪಿತಂತೆ" ಎಂದಿದ್ದೇನೆ. ಬನ್ನಿ ಅಕ್ಕ. ಹಿತ್ತಲ ಬಾಗಿಲಿಂದ ಬನ್ನಿ, ಸೀರೆ ಇಳಿಸಿ ಕೊಡುತ್ತೇನೆ. ಉಟ್ಟುಕೊಂಡು ಮುಂದಿನ ಬಾಗಿಲಿಂದ ಒಳಗೆ ಬನ್ನಿ.