ಗಂಡನ ಹೆಸರು ಹೇಳದ ಮನೆ

ಫೆಬ್ರುವರಿ ಮೂವತ್ತೊಂದು, ೨೧೬೮
ತೆಂಕಣ ದ್ವೀಪ, ನೆಲೆ ಕಚೇರಿಯ ಹೊರಗಿನ ಬೆಂಚು

ನಮಗಿಂತ ಎಷ್ಟೋ ತಲೆಮಾರು ಹಿಂದೆ ಇರುವ ಹಿರಿಯರೇ, ತಾರೀಖು ನೋಡಿ ನಗಬೇಡಿ. ತಿಂಗಳುಗಳಿಗೆ ದಿನ ಹಂಚುವಾಗ ನಮ್ಮವರು ಫೆಬ್ರುವರಿಯ ಮೇಲೂ ಕರುಣೆ ತೋರಿಸಿದರು, ಅಷ್ಟೇ. ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಾನು ಬರೆಯುತ್ತಿಲ್ಲ, ಮಾತಾಡುತ್ತಿದ್ದೇನೆ. ಅಂಗೈಯಲ್ಲಿ ಒಂದು ಬಿಲ್ಲೆ ಇದೆ, ಹಿಂದೋಲೆ ಅಂತ ಕರೆಯುತ್ತೇವೆ. ಅದು ಮಾತನ್ನು ಅಕ್ಷರ ಮಾಡಿ ಹಿಂದಿನ ಕಾಲಕ್ಕೆ ಕಳಿಸುತ್ತದೆ. ಉತ್ತರ ತರುವುದಿಲ್ಲ. ನನ್ನಂಥ ಬಾಯಾಳಿಗೆ ಅದೇ ಅನುಕೂಲ, ನಡುವೆ ತಡೆಯುವವರು ಇರುವುದಿಲ್ಲ.

ನನ್ನ ಹೆಸರು ಫಕೀರಪ್ಪ. ಐವತ್ತು ತುಂಬಿದೆ. ಗಾಜಿನ ಹೊಲದಲ್ಲಿ ಕೆಲಸ. ಇಲ್ಲಿನ ಚಳಿಗೆ ಜೋಳ ಬಯಲಲ್ಲಿ ಬೆಳೆಯುವುದಿಲ್ಲ, ಗಾಜಿನ ಮಾಡಿನ ಕೆಳಗೆ ಬೆಳೆಯುತ್ತೇವೆ. ಒಳಗೆ ಗಾಳಿ ಇಲ್ಲವಲ್ಲ, ತೆನೆ ಕಾಳು ಕಟ್ಟಬೇಕಾದರೆ ದೊಡ್ಡ ಬೀಸಣಿಗೆ ತಿರುಗಿಸಬೇಕು. ಆ ಬೀಸಣಿಗೆಗಳು ನನ್ನವು. ಹುಟ್ಟಿದ್ದು ಕಾದ ಸೀಮೆಯಲ್ಲಿ, ನಿಮ್ಮ ಕಾಲದ ಬಿಜಾಪುರದ ಕಡೆ. ನಮ್ಮ ಊರಿನಲ್ಲಿ ಈಗ ಯಾರೂ ಇಲ್ಲ, ಬಾವಿಯೂ ಇಲ್ಲ. ಇವತ್ತು ಈ ಬಾಗಿಲಿನ ಆಚೆ ತೀರ್ಮಾನ ಆಗುವುದು ಅದೇ: ನಾನು ಇಲ್ಲಿ ಉಳಿಯಬೇಕೋ, ಮುಂದಿನ ಹಡಗಿನಲ್ಲಿ ಅಲ್ಲಿಗೆ ಹೋಗಬೇಕೋ.

ಕೂತಲ್ಲಿ ಕೂರಲು ಆಗುತ್ತಿಲ್ಲ. ಎದ್ದು ಅಡ್ಡಾಡುತ್ತಲೇ ಹೇಳುತ್ತೇನೆ.

ನಾನು ಇಲ್ಲಿಗೆ ಬಂದದ್ದು ಜೋಡಿನೆಲೆಯ ಮೇಲೆ. ಇಲ್ಲಿಯವರನ್ನು ಮದುವೆಯಾದವರಿಗೆ ಸಿಗುವ ವಾಸದ ಅಪ್ಪಣೆ ಅದು. ನಿಮ್ಮ ಕಾಲದಲ್ಲಿ ಸಂಗಾತಿ ವೀಸಾ ಅನ್ನುತ್ತಿದ್ದಿರಂತೆ. ಮದುವೆ ಇರುವ ತನಕ ನೆಲೆ, ಮದುವೆ ಮುರಿದರೆ ನೆಲೆಯೂ ಮುರಿಯಿತು. ನನ್ನ ಹೆಂಡತಿ ಕಸ್ತೂರಿ ಇಲ್ಲೇ ಹುಟ್ಟಿದವಳು, ಬಂದರಿನ ಹತ್ತಿರ ಖಾನಾವಳಿ ನಡೆಸುತ್ತಾಳೆ. ಹನ್ನೆರಡು ವರ್ಷ ಸಂಸಾರ ಮಾಡಿದೆವು. ಹೊಡೆದಾಟ ಇಲ್ಲ, ಕುಡಿತ ಇಲ್ಲ, ಮತ್ತೊಬ್ಬರು ನಡುವೆ ಬಂದಿಲ್ಲ. ಮತ್ತೆ ಯಾಕೆ ಮುರಿಯಿತು ಅಂತ ಎಲ್ಲರೂ ಕೇಳುತ್ತಾರೆ. ಕಸ್ತೂರಿ ಒಂದು ದಿನ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ನಿಲ್ಲಿಸಿ ಹೇಳಿದ ಮಾತೇ ಅದಕ್ಕೆ ಉತ್ತರ.

"ನಿಮ್ಮ ಜೋಡಿ ಜಗಳಾಡಾಕ ಬರಂಗಿಲ್ರಿ ನನಗ. ಸಿಟ್ಟಿನಾಗ ಹೋಗ್ರಿ ಅಂದ್ರ ನೀವು ಮನಿ ಅಲ್ಲ, ದೇಶಾನ ಬಿಡಬೇಕು. ಅಂಥಾ ಸಿಟ್ಟು ನಾ ಹೆಂಗ ಮಾಡ್ಲಿ? ನುಂಗಿ ನುಂಗಿ ಸಾಕಾಗೇತಿ."

"ಹೋಗ್ರಿ ಅನಬ್ಯಾಡ, ಬ್ಯಾರೆ ಏನರ ಅನ್ನು," ಅಂದೆ.

"ಬ್ಯಾರೆ ಏನಂದ್ರೂ ನೀವು ಹೂಂ ಅಂತೀರಿ! ಹನ್ನೆರಡು ವರ್ಷ ಬರೇ ಹೂಂ! ಹೆಂಡ್ತಿಗೆ ಹೂಂ ಅಂತೀರೋ, ನೆಲೆಗೆ ಹೂಂ ಅಂತೀರೋ?"

ಇಷ್ಟಪಟ್ಟು ಹೂಂ ಅಂದದ್ದು ಎಷ್ಟು, ಹೆದರಿ ಹೂಂ ಅಂದದ್ದು ಎಷ್ಟು, ಬೇರ್ಪಡಿಸಿ ನೋಡಲು ಆಗುವುದಿಲ್ಲ. ಬೇರೆ ಆಗೋಣ ಅಂತ ಇಬ್ಬರೂ ಒಪ್ಪಿದೆವು. ಕಾಯಿದೆಯಲ್ಲಿ ಒಂದು ಕಿಂಡಿ ಇದೆ. ಮದುವೆ ನಿಜವಾಗಿತ್ತು, ತಾನಾಗಿ ಮುರಿಯಿತು ಅಂತ ಕಚೇರಿಗೆ ಒಪ್ಪಿಗೆಯಾದರೆ ನನ್ನಂಥವರಿಗೆ ಒಂಟಿನೆಲೆ ಸಿಗುತ್ತದೆ, ಅಂದರೆ ಸ್ವಂತ ಹೆಸರಿನ ವಾಸ. ನಮ್ಮದು ನಿಜವಾದ ಮದುವೆ, ಹೆದರಿಕೆ ಯಾಕೆ ಅಂದುಕೊಂಡೆವು.

ಕಿವಿಗೋಡೆಯನ್ನು ಮರೆತಿದ್ದೆವು. ಜೋಡಿನೆಲೆಯವರ ಮನೆಯಲ್ಲೆಲ್ಲ ಒಂದು ಗೋಡೆಗೆ ಕಿವಿ ಇರುತ್ತದೆ. ಹೆದರಬೇಡಿ, ಸಂಸಾರದ ಗುಟ್ಟು ಅದಕ್ಕೆ ತಿಳಿಯುವುದಿಲ್ಲ. ಈ ದ್ವೀಪದಲ್ಲಿ ನೂರಾರು ಭಾಷೆ, ಅಷ್ಟನ್ನೂ ಗೋಡೆಗೆ ಕಲಿಸುವವರು ಯಾರು? ಹಾಗಾಗಿ ಒಂದೇ ಒಂದನ್ನು ಕಲಿಸಿದ್ದಾರೆ. ಗಂಡ ಹೆಂಡತಿಯ ಹೆಸರು ಕರೆದನೇ, ಹೆಂಡತಿ ಗಂಡನ ಹೆಸರು ಕರೆದಳೇ, ಅದನ್ನಷ್ಟೇ ಕೇಳಿಸಿಕೊಳ್ಳುತ್ತದೆ. ಜೊತೆಗೆ ಬಾಳುವವರು ಹೆಸರು ಹಿಡಿದು ಕರೆದೇ ಕರೆಯುತ್ತಾರೆ ಅನ್ನುವುದು ಇಲ್ಲಿನವರ ನಂಬಿಕೆ. ಸಂಸಾರ ನಡೆಯುವಾಗ ಅದನ್ನು ಯಾರೂ ತೆಗೆದು ನೋಡುವುದಿಲ್ಲ, ಮುರಿದಾಗ ನೋಡುತ್ತಾರೆ. ನಮ್ಮ ಗೋಡೆಯನ್ನು ನೋಡಿದರು. ಅದರ ತುಂಬ ಕಸ್ತೂರಿ, ಕಸ್ತೂರಿ, ಕಸ್ತೂರಿ. ಫಕೀರಪ್ಪ ಅನ್ನುವ ಹೆಸರು ಅದರ ಕಿವಿಗೆ ಒಮ್ಮೆಯೂ ಬಿದ್ದಿರಲಿಲ್ಲ.

ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಅಜ್ಜಿಯರೂ ಗಂಡನ ಹೆಸರು ಹೇಳಿದವರಲ್ಲ. ಕಸ್ತೂರಿಗೆ ಅದು ಅವಳ ಅಜ್ಜಿಯಿಂದ ಬಂತು. ಹನ್ನೆರಡು ವರ್ಷ ನಾನು ಅವಳಿಗೆ "ಕೇಳಸ್ತೇನ್ರಿ" ಆಗಿದ್ದೆ. ಸಿಟ್ಟಿದ್ದಾಗ "ಯಾರಿಗಿ ಹೇಳಾಕತ್ತೀನಿ?" ಆಗುತ್ತಿದ್ದೆ. ಗಿರಾಕಿಗಳ ಮುಂದೆ "ನಮ್ಮನಿಯಾಗಿನವರು". ಅವಳ ಬಾಯಿಂದ ನನ್ನ ಹೆಸರು ಕೇಳಿದ್ದು ಒಂದೇ ಸಲ, ಮದುವೆಯ ಮಾರನೆಯ ದಿನ. ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳದಿದ್ದರೆ ಒಳಗೆ ಬಿಡುವುದಿಲ್ಲ ಅಂತ ಕಾಡಿದಾಗ ಒಡಪು ಕಟ್ಟಿ, ಪ್ರಾಸದ ಸಾಲಿನಲ್ಲಿ ಹೆಸರು ಸೇರಿಸಿ ಹೇಳಿದ್ದಳು. ಒಡಪಿನೊಳಗೆ ಇಟ್ಟು ಹೇಳಿದರೆ ತಪ್ಪಲ್ಲ. ಆಗ ಗೋಡೆಗೆ ಇನ್ನೂ ಕಿವಿ ಕೂರಿಸಿರಲಿಲ್ಲ.

ಕಚೇರಿಯವರು ಕಳಿಸಿದ ಮಾತು ಹೀಗಿತ್ತು: ಈ ಹೆಂಗಸು ಈ ಗಂಡಸನ್ನು ಗಂಡನೆಂದು ಕಂಡಿಲ್ಲ, ಮದುವೆ ನೆಲೆಗಾಗಿ ಹೂಡಿದ ನಾಟಕ.

ಕರೆದರು. ಬಿಲ್ಲೆಯನ್ನು ಮುಚ್ಚುತ್ತೇನೆ.

ಮತ್ತೆ ಅದೇ ಬೆಂಚಿಗೆ ಬಂದಿದ್ದೇನೆ.

ಒಳಗೆ ನಾವು ಮೂವರು ಹೋದೆವು. ನಾನು, ಕಸ್ತೂರಿ, ಸಾಕ್ಷಿಗೆ ಅವಳ ಸೋದರತ್ತೆ ಬಾಳವ್ವ. ಅಧಿಕಾರಿ ಎಳೆಯ ವಯಸ್ಸಿನ ಹೆಂಗಸು, ಬೇರೆ ಭಾಷೆಯವಳು. ಅವಳ ಮಾತನ್ನು ಯಂತ್ರ ಕನ್ನಡ ಮಾಡುತ್ತಿತ್ತು, ನಮ್ಮದನ್ನು ಅವಳದಾಗಿ ಮಾಡುತ್ತಿತ್ತು. ನಿಮ್ಮ ಗಂಡನ ಹೆಸರೇನು ಅಂತ ಕಸ್ತೂರಿಯನ್ನು ಕೇಳಿದಳು.

ಕಸ್ತೂರಿ ನೆಲ ನೋಡಿದಳು.

"ಮದುವೆ ಮುಗಿಸಲು ಬಂದಿದ್ದೀರಿ, ಈಗಲಾದರೂ ಹೆಸರು ಹೇಳಬಹುದಲ್ಲ?"

ಬಾಳವ್ವತ್ತೆಗೆ ತಡೆಯಲಾಗಲಿಲ್ಲ. "ಅಯ್ಯ ನನ್ನವ್ವ, ಗಂಡನ ಹೆಸರು ಕರದ್ರ ಅವನ ಆಯುಷ್ಯ ಕಡಿಮಿ ಆಗತೈತಿ! ಇವನ ಜೀವ ಗಟ್ಟಿ ಇರ್ಲಿ ಅಂತ ಹನ್ನೆರಡು ವರ್ಷ ಬಾಯಿ ಕಟ್ಟಿ ಕುಂತಾಳ. ನೀ ನೋಡಿದ್ರ ಹೆಂಡ್ತೀನ ಅಲ್ಲ ಅಂತಿ! ನಿನಗ ಮದಿವಿ ಆಗೇತೋ ಇಲ್ಲೋ?"

ಯಂತ್ರ ಅಷ್ಟನ್ನೂ ಅಧಿಕಾರಿಗೆ ಒಪ್ಪಿಸಿತು, ಕೊನೆಯ ಪ್ರಶ್ನೆಯನ್ನೂ ಬಿಡದೆ. ಆ ಹುಡುಗಿಯ ಮುಖ ಕೆಂಪಗಾಯಿತು. ಅತ್ತೆ ಹೇಳಿದ್ದನ್ನು ದಾಖಲಿಸುತ್ತೇನೆ, ಆದರೆ ಹೆಸರು ಹೆಂಡತಿಯ ಬಾಯಿಂದಲೇ ಬರಬೇಕು ಅಂದಳು.

ನಾನು ಕಸ್ತೂರಿಗೆ, "ಬ್ಯಾಡ ಬಿಡು, ಹಡಗು ಹತ್ತತೀನಿ," ಅಂದೆ.

"ಸುಮ್ಮ ಕುಂದರ್ರಿ! ಇಷ್ಟು ವರ್ಷ ಹೂಂ ಅಂದವರು ಇವತ್ತ ಬ್ಯಾಡ ಅನ್ನಾಕ ಕಲಿತೀರೇನು?"

ಎದ್ದಳು. ಸೆರಗು ಹೊದ್ದಳು. ಗೋಡೆಯ ಕಡೆ ಮುಖ ಮಾಡಿ ಹೇಳಿದಳು.

"ಗಾಜಿನ ಹೊಲದಾಗ ಬೆಳದಾವ ಬಿಳಿ ಜ್ವಾಳ,
ಒಲಿ ಮುಂದ ಕುಂತು ಬಡದೀನಿ ರೊಟ್ಟಿ ಭಾಳ,
ಬ್ಯಾರೆ ಆದರೂ ಬಾಳಲಿ ಈ ಊರಾಗ ಬಹುಕಾಲ,
ಫಕೀರಪ್ಪನ ಹೆಸರ ಹೇಳತೀನಿ, ಇದ ಕಡೀ ಸಲ."

ಮೊದಲ ಸಾಲು ಮದುವೆಯ ಒಡಪಿನದೇ. ಉಳಿದವನ್ನು ಅಲ್ಲೇ ನಿಂತು ಕಟ್ಟಿದಳು. ಬಾಳವ್ವತ್ತೆ ಮೂಗು ಒರೆಸಿಕೊಂಡಳು. ಅಧಿಕಾರಿ ಯಂತ್ರದ ಮಾತನ್ನು ಇನ್ನೊಮ್ಮೆ ಹಾಕಿಸಿ ಕೇಳಿದಳು. ಆಮೇಲೆ ಹೇಳಿದಳು, ಮದುವೆ ನಿಜವಾಗಿತ್ತು. ಮದುವೆ ಮುಗಿದಿದೆ. ಒಂಟಿನೆಲೆ ಕೊಟ್ಟಿದೆ. ಮೂರನ್ನೂ ಒಂದೇ ಉಸಿರಿನಲ್ಲಿ.

ಉಳಿದೆ, ಹಿರಿಯರೇ. ಹಡಗು ಹತ್ತಬೇಕಾಗಿಲ್ಲ. ಆದರೂ ಕೂರಲು ಆಗುತ್ತಿಲ್ಲ, ನೋಡಿ. ನೆಲೆ ಸ್ವಂತದ್ದಾದ ಮೇಲೆ ಈಗ ಅವಳ ಜೊತೆ ಜಗಳಾಡಬಹುದಿತ್ತು. ಹೂಂ ಅನ್ನದೆ ಇರಬಹುದಿತ್ತು. ಜಗಳಾಡಲು ಮನೆ ಇಲ್ಲ.

ಒಂದು ಬೇಡಿಕೆ. ಇಂಥ ಕಾಯಿದೆಗಳು ನಿಮ್ಮ ಕಾಲದಲ್ಲಿ ಇನ್ನೂ ಹಸಿಯಾಗಿವೆ ಅಂತ ಕೇಳಿದ್ದೇನೆ. ಅವನ್ನು ಬರೆಯುವವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಮದುವೆಯಾಗಿ ಬಂದವರ ಕಾಲ ಕೆಳಗಿನ ನೆಲವನ್ನು ಅವರ ಹೆಸರಿಗೇ ಕೊಡಿ, ಬೇಗ ಕೊಡಿ. ಗಂಡನ ಕೈಯಲ್ಲೋ ಹೆಂಡತಿಯ ಬಾಯಲ್ಲೋ ಅದನ್ನು ಇಡಬೇಡಿ. ಇಟ್ಟರೆ ಅವರು ಸರಿಯಾಗಿ ಜಗಳಾಡುವುದಿಲ್ಲ. ಜಗಳಾಡಲು ಬಾರದವರು ಕೂಡಿ ಬಾಳುವುದು ಹೇಗೆ?

ತಾಳಿ, ಯಾರೋ ಕರೆಯುತ್ತಿದ್ದಾರೆ. ಕಸ್ತೂರಿ, ಮೆಟ್ಟಿಲ ಮೇಲಿದ್ದಾಳೆ. ಒಳಗೆ ಮರೆತ ನನ್ನ ಶಾಲು ಅವಳ ಕೈಯಲ್ಲಿದೆ. ಇನ್ನು ಹೆಸರು ಹಿಡಿದು ಕರೆಯಲು ಅವಳಿಗೆ ಅಡ್ಡಿಯೇನೂ ಇಲ್ಲ.

"ಕೇಳಸ್ತೇನ್ರಿ?"

ಬಿಲ್ಲೆ ಮುಚ್ಚುತ್ತೇನೆ, ಹಿರಿಯರೇ. ಕೇಳಿಸಿತು ಅಂತ ಹೇಳಬೇಕು.